ಹಸಿರು ನಿಲ್ಲುವ ಜಾಗ

ಈ ವಾರ ನಮ್ಮ ಸಿರುಗುಪ್ಪ ಕಡೆಯ ಕರೂರಿನ ಚಹಾ ಅಂಗಡಿಯ ಮುಂದೆ ಹುಡುಗನೊಬ್ಬ ತನ್ನ ತಾತನಿಗೆ ಮೊಬೈಲಿನಲ್ಲಿ ಅವರ ಹೊಲ ತೋರಿಸುತ್ತಿದ್ದ. ಉಪಗ್ರಹ ತೆಗೆದ ಚಿತ್ರ. ತಾತ ತಮ್ಮ ಹೊಲ ಹುಡುಕಲೇ ಇಲ್ಲ. ಕಾಲುವೆಯ ಗೆರೆ ಹಿಡಿದು ಬೆರಳು ಸರಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ತನಕ ಹಸರು ಐತಿ. ಇಲ್ಲಿಂದಾಚಿಗೆ ಯಾಕ ಬೂದಿ ಬಣ್ಣ?"

"ಅಲ್ಲಿಗೆ ನೀರು ಬರಲ್ಲಲ್ಲ ತಾತ."

"ಹಂಗಾದ್ರ, ಮ್ಯಾಲಿದ್ದೋರಿಗೆಲ್ಲಾ ಇದು ಕಾಣ್ತೈತೇನು?"

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

1972ರ ಡಿಸೆಂಬರ್ 7ರಂದು ಅಪೊಲೊ 17ರ ಯಾತ್ರಿಗಳು ಚಂದ್ರನ ಕಡೆಗೆ ಹೋಗುತ್ತಾ ಇಡೀ ಭೂಮಿಯ ಚಿತ್ರ ತೆಗೆದರು. ಜಗತ್ತೆಲ್ಲ ಆ ನೀಲಿ ಭೂಮಿಯನ್ನು ಕಂಡು ಬೆರಗಾಯಿತು. ಮೂಲ ಚಿತ್ರದಲ್ಲಿ ದಕ್ಷಿಣ ಧ್ರುವ ಮೇಲಿತ್ತು. ನಮ್ಮ ರೂಢಿಗೆ ಒಗ್ಗಲೆಂದು ಅದನ್ನು ತಿರುಗಿಸಿ ಹಂಚಿದರು. ಬಾಹ್ಯಾಕಾಶದಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಕಾಲುವೆ ಹರಿಯುವ ಊರುಗಳಲ್ಲಿ ಮಾತ್ರ ಮೇಲಿನವರು, ಕೆಳಗಿನವರು ಇದ್ದೇ ಇರುತ್ತಾರೆ.

ನಮ್ಮ ಸೀಮೆಯ ಹೊಲಗಳ ಲೆಕ್ಕ ಕಾಗದಕ್ಕೆ ಇಳಿದದ್ದು ಕಾಲ್ನಡಿಗೆಯಲ್ಲಿ. 1800ರಲ್ಲಿ ನಿಜಾಮ ಈ ನಾಡನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಕಲೆಕ್ಟರ್ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಸಿದ. ಕಂದಾಯಕ್ಕಾಗಿ ಆದ ಅಳತೆ ಅದು: ಹೊಲ ಯಾರದು, ಎಷ್ಟು, ಕಟ್ಟಬೇಕಾದದ್ದೆಷ್ಟು. ನಮ್ಮ ಗ್ರಾಮ ನಕಾಶೆ ಇವತ್ತಿಗೂ ಬದು, ದಾರಿ, ಹಳ್ಳ, ಸರ್ವೆ ನಂಬರು ತೋರಿಸುತ್ತದೆ. ಈ ಸಲ ನೀರು ಎಲ್ಲಿಯವರೆಗೆ ಬಂತು ಎಂಬುದನ್ನು ಅದು ಹೇಳಲಾರದು.

ಅದನ್ನು ಹೇಳಬಲ್ಲ ಕಣ್ಣನ್ನು ಆಕಾಶದಲ್ಲಿ ಇಟ್ಟವರಲ್ಲಿ ಮುಖ್ಯರಾದವರು ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್. ಅವರು ಇಂಟರ್‌ಮೀಡಿಯೆಟ್ ಓದಿದ್ದು ನಮ್ಮ ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ. ಈ ಮಾತನ್ನು ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆ. 1975ರಲ್ಲಿ ಆರ್ಯಭಟ ಉಪಗ್ರಹ ಹಾರಿದ್ದು ಅವರ ನೇತೃತ್ವದಲ್ಲಿ. ಅವರು ಇಸ್ರೊ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು, ನೆಲವನ್ನು ನೋಡುವುದಕ್ಕೆಂದೇ ಐಆರ್‌ಎಸ್-1ಎ ಮೇಲೇರಿತು. ಅದರ ಒಂದು ಕ್ಯಾಮೆರಾದ ಚಿತ್ರದಲ್ಲಿ ಪ್ರತಿ ಚುಕ್ಕಿಯೂ ಸುಮಾರು 72 ಮೀಟರ್ ಅಗಲ. ಒಂದೂಕಾಲು ಎಕರೆಗೂ ಮಿಕ್ಕ ನೆಲ ಒಂದೇ ಚುಕ್ಕಿಯೊಳಗೆ ಅಡಗಿಹೋಗುತ್ತಿತ್ತು. ಬಡವನ ಹೊಲ ಬೇರೆಯಾಗಿ ಕಾಣುತ್ತಿರಲಿಲ್ಲ. ಈಗ ಯುರೋಪಿನ ಸೆಂಟಿನೆಲ್ ಉಪಗ್ರಹಗಳು ಉಚಿತವಾಗಿ ಕೊಡುವ ಚಿತ್ರಗಳಲ್ಲಿ ಚುಕ್ಕಿ 10 ಮೀಟರಿನದು. ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಸೆಂಟ್ಸ್.

ಇಂಥ ಚಿತ್ರಗಳಲ್ಲಿ ಬೆಳೆಯನ್ನು ಎಷ್ಟೋ ಸಲ ಕೆಂಪಗೆ ತೋರಿಸುತ್ತಾರೆ. ಆರೋಗ್ಯವಾಗಿರುವ ಎಲೆ ನಮ್ಮ ಕಣ್ಣಿಗೆ ಬೀಳದ ಅವಗೆಂಪು ಕಿರಣವನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ. ಅದಕ್ಕೆ ಕೆಂಪು ಬಣ್ಣ ಕೊಟ್ಟಿರುತ್ತಾರೆ. ನೀರುಂಡ ಸಿರುಗುಪ್ಪದ ನೆಲ್ಲಿನ ಗದ್ದೆ ಅಲ್ಲಿ ದಟ್ಟ ಕೆಂಪು. ನೀರು ಕಾಣದ ಎರೆ ಹೊಲ ಮಸಕು. ನಡುವೆ ಯಾರೂ ಎಳೆಯದ ಒಂದು ಗೆರೆ. ಬಾಹ್ಯಾಕಾಶದಿಂದ ನೋಡಿದರೆ ಗಡಿಗಳೇ ಕಾಣುವುದಿಲ್ಲ ಎಂದು ದೊಡ್ಡವರು ಹೇಳುತ್ತಾರೆ. ಕರ್ನಾಟಕ ಮುಗಿದು ಆಂಧ್ರ ಶುರುವಾಗುವ ಗಡಿ ಕಾಣದಿರಬಹುದು. ಈ ಗಡಿ ಮಾತ್ರ ಚೆನ್ನಾಗಿ ಕಾಣುತ್ತದೆ.

1990ರ ದಶಕದಲ್ಲೇ ಭದ್ರಾ ಅಚ್ಚುಕಟ್ಟಿನಲ್ಲಿ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು, ಯಾವ ಉಪಕಾಲುವೆಯ ಕೆಳಗೆ ಎಷ್ಟು ಬೆಳೆ, ಎಂಥ ಇಳುವರಿ ಎಂದು ಅಧ್ಯಯನ ಮಾಡಿದ್ದರು. ಮುಂಗಾರಿನ ಮೋಡ ಅಡ್ಡ ಬರುತ್ತದೆ, ನಿಜ. ಅದಕ್ಕೆ ಮೋಡ ದಾಟಿ ನೋಡುವ ರೇಡಾರ್ ಉಪಗ್ರಹಗಳಿವೆ. ಯಾರ ತೂಬು ಯಾರು ಒಡೆದರು ಎಂಬುದನ್ನು ಆಕಾಶ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಕಾಲುವೆಯ ಕೊನೆ ಭಾಗದ ರೈತ ನೀರು ಬಂದಿಲ್ಲ ಎಂದಾಗ, ಅವನ ಮಾತಿಗೆ ಸಾಕ್ಷಿ ಇದ್ದರೆ ಸಾಕು.

ತುಂಗಭದ್ರಾ ಕೆಳಮಟ್ಟದ ಕಾಲುವೆಯ (ಎಲ್‌ಎಲ್‌ಸಿ) ನೀರಿನ ಹೊಣೆ ಹೊತ್ತ ಎಂಜಿನಿಯರುಗಳೇ, ಜನಪ್ರತಿನಿಧಿಗಳೇ, ಮುಂದಿನ ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆಗೆ ಜಲಾಶಯದ ಮಟ್ಟದ ಅಂಕಿಗಳ ಜೊತೆಗೆ ಕಳೆದ ಹಂಗಾಮಿನ ಈ ಚಿತ್ರಗಳನ್ನೂ ತನ್ನಿ. ಯಾವ ಊರಿಗೆ ಮೊದಲು ನೀರು ಬಿಡಬೇಕು ಎಂಬ ಮಾತನ್ನು ಅವುಗಳನ್ನು ನೋಡಿದ ಮೇಲೆ ಶುರುಮಾಡಿ.