ಬ್ಯಾಂಜೊ ವಾದ್ಯಕ್ಕೆ ತಕ್ಕ ಕೇಪೊ
(ಶಾಲಾ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು ಅಮೆರಿಕದಿಂದ ಐದು ತಂತಿಯ ಬ್ಯಾಂಜೊ ಒಂದನ್ನು ತಂದಿತ್ತುದು ತಮಗೆಲ್ಲ ತಿಳಿದ ಸಂಗತಿ. ಮೆರವಣಿಗೆಗಳಲ್ಲಿ ಗುಂಡಿ ಒತ್ತಿ ನುಡಿಸುವ 'ಬ್ಯಾಂಜೊ' ಬೇರೆ. ಅದು ಬುಲ್‌ಬುಲ್ ತರಂಗ. ಇದಾದರೋ, ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟ ಜನರು ತಮ್ಮ ನಾಡಿನ ವಾದ್ಯಗಳನ್ನು ನೆನೆದು ಅಮೆರಿಕ ಖಂಡದಲ್ಲಿ ರೂಪಿಸಿಕೊಂಡ ವಾದ್ಯ.

ಕಳೆದ ವರ್ಷ ಇದರೊಡನೆ ಹಾಡಲು ನಿಂತ ಬಾಲಿಕೆಗೆ ವಾದ್ಯದ ಶ್ರುತಿ ತಗ್ಗಾಯಿತು. ಮಂದ್ರದ ಸ್ವರಗಳು ಅವಳ ಕಂಠದಿಂದ ಹೊರಡಲೇ ಇಲ್ಲ. ಇಂಥಲ್ಲಿ ವಾದ್ಯವನ್ನು ಕಂಠಕ್ಕೆ ಹೊಂದಿಸಬೇಕಲ್ಲದೆ ಎಳೆಯ ಕಂಠವನ್ನು ವಾದ್ಯಕ್ಕಾಗಿ ದಣಿಸಬಾರದು. ಹಾಗೆ ಹೊಂದಿಸುವ ಸಾಧನವೇ ಕೇಪೊ. ಅದು ದಂಡಿಗೆ ಅಡ್ಡಲಾಗಿ ತೊಡಿಸುವ ಚಿಕ್ಕ ಹಿಡಿಕೆ. ತಂತಿಗಳನ್ನು ಒಂದು ಮೆಟ್ಟಿನ ಬಳಿ ಒತ್ತಿಹಿಡಿದು ಶ್ರುತಿಯನ್ನು ಏರಿಸುತ್ತದೆ. ನಮ್ಮ 12 ಸ್ವರಸ್ಥಾನಗಳಂತೆ ಮೆಟ್ಟಿಗೊಂದು ಸ್ವರಸ್ಥಾನ. 2ನೆಯ ಮೆಟ್ಟಿನಲ್ಲಿ ತೊಡಿಸಿದರೆ 'ಜಿ' ಶ್ರುತಿ 'ಎ' ಆಗುತ್ತದೆ. ಕಲಿತ ಬೆರಳುಗಾರಿಕೆ ಬದಲಾಗದು.

ನಾವು ಆತುರದಿಂದ ಗಿಟಾರಿನ ಕೇಪೊ ತಂದು ತೊಡಿಸಿದೆವು. ತುಂಬಿದ ಸಭೆಯಲ್ಲಿ ತಂತಿಗಳು ಗರಗರನೆ ಅಪಸ್ವರ ನುಡಿದವು. ಬಾಲಿಕೆ ಹಾಡನ್ನು ಅರ್ಧದಲ್ಲೇ ನಿಲ್ಲಿಸಿ ತಲೆತಗ್ಗಿಸಿದಳು. ತಪ್ಪು ಅವಳದಲ್ಲ, ನಮ್ಮದು.

ಗಿಟಾರಿನ ದಂಡಿ ಬಿರಡೆಗಳ ಬಳಿಯಲ್ಲಿ ಸುಮಾರು 43 ಮಿಲಿಮೀಟರ್ ಅಗಲ. ಬ್ಯಾಂಜೊವಿನದು ಸುಮಾರು 32. ಮ್ಯಾಂಡೋಲಿನ್‌ನದು ಇನ್ನೂ ಕಿರಿದು. ಅಗಲ ದಂಡಿಯ ಹಿಡಿಕೆಯು ಕಿರಿದಾದ ದಂಡಿಯಿಂದ ಹೊರಚಾಚಿ ಕೈಗೆ ತಡೆಯಾಗುತ್ತದೆ. ಎರಡನೆಯದಾಗಿ, ಬಹುತೇಕ ಗಿಟಾರುಗಳಲ್ಲಿ ಮೆಟ್ಟುಗಳ ಹಲಗೆ ತುಸು ಉಬ್ಬಿರುತ್ತದೆ. ಅನೇಕ ಬ್ಯಾಂಜೊಗಳಲ್ಲಿ ಅದು ಸಮತಟ್ಟು. ಉಬ್ಬಿಗೆಂದು ಬಾಗಿಸಿದ ಹಿಡಿಕೆ ಸಮತಟ್ಟಿನ ಮೇಲೆ ಅಂಚಿನ ತಂತಿಗಳನ್ನು ಬಿಗಿಯಾಗಿ ಒತ್ತಿ, ನಡುವಿನವನ್ನು ಸಡಿಲ ಬಿಡುತ್ತದೆ. ಮೂರನೆಯದಾಗಿ, ಬ್ಯಾಂಜೊ ತಂತಿಗಳು ತೆಳುವಾದುವು. ಬಲವಾದ ಸ್ಪ್ರಿಂಗು ಅವನ್ನು ಜಗ್ಗಿ ಶ್ರುತಿ ಮೀರಿಸುತ್ತದೆ. ಆದುದರಿಂದ ಬಿಗಿತವನ್ನು ತಿರುಪಿನಿಂದ ಹೆಚ್ಚುಕಡಿಮೆ ಮಾಡಬಹುದಾದ ಕೇಪೊ ಲೇಸು.

ಇನ್ನೊಂದು ವಿಶೇಷವುಂಟು. ಬ್ಯಾಂಜೊವಿನ ಐದನೆಯ ತಂತಿ ಗಿಡ್ಡದು. ಅದರ ಬಿರಡೆ ದಂಡಿಯ ಪಕ್ಕದಲ್ಲಿ, 5ನೆಯ ಮೆಟ್ಟಿನ ಬಳಿ ಇರುತ್ತದೆ. ವೀಣೆಯ ತಾಳದ ತಂತಿಯಂತೆ ಅದನ್ನು ಸಾಮಾನ್ಯವಾಗಿ ಒತ್ತದೆಯೇ ಮೀಟುವರು. 2ನೆಯ ಮೆಟ್ಟಿನ ಕೇಪೊ ಅದನ್ನು ಮುಟ್ಟುವುದೇ ಇಲ್ಲ. ಅದನ್ನೂ ಎರಡು ಸ್ವರಸ್ಥಾನ ಏರಿಸಬೇಕು. ಬಿರಡೆ ತಿರುವಿ ಏರಿಸಬಹುದು. ಇಲ್ಲವೇ 7ನೆಯ ಮೆಟ್ಟಿನಲ್ಲಿ ಕೂಡಿಸಿದ ಪುಟ್ಟ ಕೊಕ್ಕೆಗೆ ಸಿಕ್ಕಿಸಬಹುದು. ಕೊಕ್ಕೆ ಕೂಡಿಸುವ ಕೆಲಸವನ್ನು ನುರಿತವರಿಗೇ ಬಿಡಬೇಕು. ಇದನ್ನರಿಯದೆ ನಾವು ಅಂದು ನಾಲ್ಕು ತಂತಿಗಳನ್ನು ಏರಿಸಿ, ಐದನೆಯದನ್ನು ಹಳೆಯ ಶ್ರುತಿಯಲ್ಲೇ ಬಿಟ್ಟಿದ್ದೆವು!

ಪೋಷಕರಲ್ಲಿ ನಮ್ಮ ವಿನಂತಿ: ಬೆಲೆಯನ್ನೋ ಹೊಳಪನ್ನೋ ನೋಡಿ ಕೊಳ್ಳಬೇಡಿ. ವಾದ್ಯವನ್ನೇ ಅಂಗಡಿಗೆ ಒಯ್ಯಿರಿ. ದಂಡಿಯ ಅಗಲ ಅಳೆಯಿರಿ. ಮೆಟ್ಟಿನ ಮೇಲೆ ಅಡ್ಡಲಾಗಿ ನೇರವಾದ ಪಟ್ಟಿಯನ್ನಿಟ್ಟು, ಅದು ಸಮತಟ್ಟೋ ಉಬ್ಬೋ ಪರೀಕ್ಷಿಸಿರಿ. ವಿದ್ಯಾರ್ಥಿಗಳೇ, ಕೇಪೊವನ್ನು ಮೆಟ್ಟಿನ ಹಿಂದೆ, ಬಿರಡೆಗಳ ಕಡೆಗೆ, ಮೆಟ್ಟಿಗೆ ಸಮೀಪವಾಗಿ ತೊಡಿಸಿ, ನಾದ ಶುದ್ಧವಾಗುವಷ್ಟೇ ಬಿಗಿಯಿರಿ. ಒಂದೊಂದೇ ತಂತಿಯನ್ನು ಮೀಟಿ ಆಲಿಸಿ, ಶ್ರುತಿಯನ್ನು ಮತ್ತೆ ಕೂಡಿಸಿರಿ. ಮ್ಯಾಂಡೋಲಿನ್‌ನಲ್ಲಿ ತಂತಿಗಳು ಜೋಡಿ ಜೋಡಿಯಾಗಿರುವುದರಿಂದ ಎಂಟನ್ನೂ ಪರೀಕ್ಷಿಸಬೇಕು. ನುಡಿಸಿ ಮುಗಿದೊಡನೆ ಕೇಪೊವನ್ನು ತೆಗೆದಿಡಿರಿ.

ಈಗ ತಕ್ಕ ಕೇಪೊ ನಮ್ಮಲ್ಲಿದೆ. ಅದೇ ಬಾಲಿಕೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಹಾಡಲಿದ್ದಾಳೆ. ಮಗುವಿನ ಸ್ವರ ಹೊರಡದಿದ್ದಾಗ ಮಗುವನ್ನು ಗದರುವ ಮೊದಲು, ನಾವಿತ್ತ ಶ್ರುತಿ ಸರಿಯೇ ಎಂದು ನೋಡಿಕೊಳ್ಳೋಣ.