ಧ್ವನಿವರ್ಧಕದ ಪೆಟ್ಟಿಗೆ



ಕೈಗೆ ಕೆಲಸವನ್ನೂ ಕಿವಿಗೆ ಸುಖವನ್ನೂ ಒಟ್ಟಿಗೆ ಕೊಡಬಲ್ಲ ಹವ್ಯಾಸಗಳು ವಿರಳ. ಧ್ವನಿವರ್ಧಕಕ್ಕೆ ಮನೆಯಲ್ಲಿಯೇ ಮರದ ಪೆಟ್ಟಿಗೆಯನ್ನು ಕಟ್ಟುವುದು ಅಂಥವುಗಳಲ್ಲೊಂದು. ಅದನ್ನು ಕುರಿತು ಈ ಸಂಜೆ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡುವೆವು.

ಮೊದಲು ನಮ್ಮ ಸೋಲನ್ನೇ ಹೇಳಿಬಿಡುವುದು ಮೇಲು. ವೀಣೆಯ ಕೊಡವನ್ನು ಹಲಸಿನ ಮರದಿಂದ ಮಾಡುವರು. ಆ ಕೊಡ ತಾನೂ ನುಡಿಯುವುದರಿಂದಲೇ ತಂತಿಯ ನಾದ ತುಂಬಿಬರುವುದು. ಹಾಗಾದರೆ ನಮ್ಮ ಪೆಟ್ಟಿಗೆಯೂ ನುಡಿಯುವ ಮರದ್ದೇ ಆಗಲಿ ಎಂದು ತರ್ಕಿಸಿ, ಹಲಸಿನ ತೆಳು ಹಲಗೆಗಳನ್ನು ತಂದು, ವಾರಗಟ್ಟಲೆ ಶ್ರಮಿಸಿ, ನೋಟಕ್ಕೆ ಅಂದವಾದ ಪೆಟ್ಟಿಗೆಯೊಂದನ್ನು ಮಾಡಿದೆವು. ವೀಣೆಯಲ್ಲಿ ನುರಿತ ಹಿರಿಯರೊಬ್ಬರನ್ನು ಆಹ್ವಾನಿಸಿ, ಸಂಗೀತ ಕಚೇರಿಯೊಂದನ್ನು ಅದರಲ್ಲಿ ಕೇಳಿಸಿದೆವು. ಅವರು ಸ್ವಲ್ಪ ಹೊತ್ತು ಆಲಿಸಿ, ಎದ್ದು ಬಂದು, ಹಲಗೆಯನ್ನು ಬೆರಳಿನಿಂದ ತಟ್ಟಿ, “ಹಾಡುವವರ ಶ್ರುತಿ ಒಂದು, ನಿಮ್ಮ ಪೆಟ್ಟಿಗೆಯ ಶ್ರುತಿ ಇನ್ನೊಂದು. ನಾನು ಯಾವುದನ್ನು ಕೇಳಲಿ?” ಎಂದರು. ಮೃದಂಗದ ಪೆಟ್ಟುಗಳೆಲ್ಲ ಒಂದೇ ಮೊರೆತದಲ್ಲಿ ಮುಳುಗುತ್ತಿದ್ದುದು ಆಗ ನಮಗೂ ಕೇಳಿಸಿತು.

ವಾದ್ಯದ ಧರ್ಮ ಬೇರೆ, ಧ್ವನಿವರ್ಧಕದ ಧರ್ಮ ಬೇರೆ. ವಾದ್ಯವು ನಾದವನ್ನು ಹುಟ್ಟಿಸತಕ್ಕದ್ದು. ಧ್ವನಿವರ್ಧಕವು ಹುಟ್ಟಿದ ನಾದವನ್ನು ಹಾಗೆಯೇ ಒಪ್ಪಿಸತಕ್ಕದ್ದು.

ಹಾಗಿದ್ದರೆ ಪೆಟ್ಟಿಗೆಯಾದರೂ ಏತಕ್ಕೆ? ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಪ್ರಕಟಿಸಿದ ಮಾದರಿಯೇ ಇಂದಿನ ಬಹುತೇಕ ಧ್ವನಿವರ್ಧಕಗಳಿಗೆ ಮೂಲ. ಅಯಸ್ಕಾಂತದ ನಡುವೆ ತಂತಿಯ ಸುರುಳಿ ಅಲುಗಿದಂತೆ, ಅದಕ್ಕಂಟಿದ ಶಂಕುವೂ ಅಲುಗುವುದು. ಶಂಕುವು ಮುಂದಿನ ಗಾಳಿಯನ್ನು ಒತ್ತಿದಾಗ ಹಿಂದಿನ ಗಾಳಿ ತೆಳುವಾಗುವುದು. ಸೆಕೆಂಡಿಗೆ 50 ಕಂಪನಗಳುಳ್ಳ ಮಂದ್ರಧ್ವನಿಯ ಅಲೆ ಸುಮಾರು 7 ಮೀಟರ್ ಉದ್ದವಿರುವುದರಿಂದ, ಹಿಂದಿನ ಅಲೆಯು ಸುಲಭವಾಗಿ ಬಳಸಿಬಂದು ಮುಂದಿನದನ್ನು ಅಳಿಸಿಬಿಡುವುದು. ಇದನ್ನು ತಡೆಯುವುದಕ್ಕಾಗಿಯೇ ಪೆಟ್ಟಿಗೆ.

ಪೆಟ್ಟಿಗೆಯನ್ನು ಪೂರ್ತಿ ಮುಚ್ಚಬಹುದು. ಅಥವಾ ತಕ್ಕ ಅಳತೆಯ ಕೊಳವೆಯೊಂದನ್ನಿಟ್ಟು, ಹಿಂದಿನ ಅಲೆಯನ್ನೂ ಮಂದ್ರಸ್ವರಗಳ ನೆರವಿಗೆ ತರಬಹುದು. ಎರಡನೆಯ ಈ ಉಪಾಯಕ್ಕೆ ಥುರಾಸ್ ಎಂಬವರು 1932ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದರು. ಅಳತೆಗಳನ್ನು ಗಣಿತದಿಂದ ನಿಶ್ಚಯಿಸುವ ಕ್ರಮವನ್ನು ಆಸ್ಟ್ರೇಲಿಯದಲ್ಲಿ ಥೀಲ್ 1961ರಲ್ಲಿಯೂ, ಸ್ಮಾಲ್ 1970ರ ದಶಕದಲ್ಲಿಯೂ ವಿವರಿಸಿದರು. ಹೊಸಬರಿಗೆ ಮುಚ್ಚಿದ ಪೆಟ್ಟಿಗೆಯೇ ಕ್ಷೇಮ. ಅದು ಸಣ್ಣ ತಪ್ಪುಗಳನ್ನು ಕ್ಷಮಿಸುವುದು.

ನಮ್ಮ ಎರಡನೆಯ ಪೆಟ್ಟಿಗೆಗೆ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಆರಿಸಿದೆವು. ತೇಗದ ಅಗಲ ಹಲಗೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದು. ಎಳೆಗಳು ಅಡ್ಡಡ್ಡ ಕೂಡಿರುವ ಪ್ಲೈವುಡ್ ಅಷ್ಟಾಗಿ ಅಲುಗದು. ಒಳಗಿನ ಅಳತೆ 20, 25, 32 ಸೆಂಟಿಮೀಟರ್. ಎಂದರೆ 16 ಲೀಟರ್. ನಾವು ಕೊಂಡ ಧ್ವನಿವರ್ಧಕಕ್ಕೆ ಇದು ಒಪ್ಪುವ ಅಳತೆ. ಮೂರು ಅಳತೆಗಳೂ ಸಮವಾದರೆ ಒಂದೇ ಸ್ವರ ಮೂರು ದಿಕ್ಕುಗಳಲ್ಲಿಯೂ ಮಾರ್ದನಿಗೊಳ್ಳುವುದು. ಆದುದರಿಂದ ಈ ಭೇದ. ಮೂಲೆಮಟ್ಟವನ್ನು ಹಿಡಿದು ನೋಡದೆ ಯಾವ ಅಂಚನ್ನೂ ಕೂಡಿಸಲಿಲ್ಲ. ಕೂಡುಗಳಿಗೆ ಧಾರಾಳವಾಗಿ ಅಂಟನ್ನು ಹಚ್ಚಿ, ಒಳಗೆ ಅಡ್ಡಪಟ್ಟಿ ಕೊಟ್ಟು, ಉಣ್ಣೆಯನ್ನು ಹಗುರವಾಗಿ ತುಂಬಿದೆವು. ಶಂಕುವನ್ನು ಬೆರಳುಗಳಿಂದ ಮೆಲ್ಲನೆ ಒಳಕ್ಕೊತ್ತಿ ಬಿಟ್ಟಾಗ ಅದು ನಿಧಾನವಾಗಿ ಮರಳಿತು. ಗಾಳಿ ಸೋರುತ್ತಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಆ ಹಿರಿಯರನ್ನು ಮತ್ತೆ ಕರೆದು ಅದೇ ಕಚೇರಿಯನ್ನು ಕೇಳಿಸಿದೆವು. ಈ ಸಲ ಅವರು ಪೆಟ್ಟಿಗೆಯತ್ತ ನೋಡಲೂ ಇಲ್ಲ. ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕುಳಿತರು. ಮುಗಿದ ಮೇಲೆ ಹಾಡಿದವರನ್ನು ಹೊಗಳಿದರು. ನಮ್ಮ ಮರಗೆಲಸದ ವಿಚಾರವಾಗಿ ಒಂದು ಮಾತನ್ನೂ ಆಡಲಿಲ್ಲ. ಅದಕ್ಕಿಂತ ದೊಡ್ಡ ಬಹುಮಾನವನ್ನು ನಾವು ಬಯಸಿರಲಿಲ್ಲ.