ಖಳನ ಅಡ್ಡೆಯಲ್ಲಿ ಟ್ರಂಪೆಟ್: ಜಿ.ಕೆ. ವೆಂಕಟೇಶರ ಜಾಜ್



ದತ್ತಿ ಉಪನ್ಯಾಸ ಎಂದರೆ ಪಂಪನೋ ವಚನವೋ ದಾಸರ ಪದವೋ ಇರಬೇಕೆಂಬ ರೂಢಿ ಇದೆ. ಜಾಜ್ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘದ ಕಾರ್ಯದರ್ಶಿಗಳು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಕನ್ನಡದ್ದೇ ತಾನೇ?" ಎಂದರು. ಕನ್ನಡದ್ದೇ ಎಂದು ಮಾತು ಕೊಟ್ಟ ಮೇಲೆ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಯಿತು.

ನಾನು ರಾಯಚೂರಿನವನು. ನಮ್ಮಜ್ಜನ ಬಾಯಲ್ಲಿ ಹೈದರಾಬಾದು ಕೊನೆಯವರೆಗೂ ರಾಜಧಾನಿಯಾಗಿಯೇ ಉಳಿದಿತ್ತು. 1956ರಲ್ಲಿ ರಾಯಚೂರು, ಕಲಬುರ್ಗಿ, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದರೂ ಅವನ ಲೆಕ್ಕದಲ್ಲಿ ಗಡಿ ಕದಲಲಿಲ್ಲ. 1984ರಲ್ಲಿ ಬ್ಯಾಂಕಿನವರು ನನ್ನನ್ನು ಇಲ್ಲಿಗೆ ವರ್ಗ ಮಾಡಿದಾಗ ಸಿಕಂದರಾಬಾದಿನ ದಕ್ಷಿಣ ಲಾಲಾಗುಡದಲ್ಲಿ ಬಾಡಿಗೆ ಮನೆ ಸಿಕ್ಕಿತು. ರೈಲ್ವೆಯವರ ಕೇರಿ. ಮನೆ ಮಾಲೀಕರು ಇಂಜಿನ್ ಓಡಿಸಿ ನಿವೃತ್ತರಾದ ಆಂಗ್ಲೋ-ಇಂಡಿಯನ್ ಹಿರಿಯರು. ಪ್ರಾಯದಲ್ಲಿ ಶನಿವಾರದ ರಾತ್ರಿಗಳಲ್ಲಿ ರೈಲ್ವೆ ಇನ್‌ಸ್ಟಿಟ್ಯೂಟಿನ ಡಾನ್ಸಿಗೆ ಟ್ರಂಪೆಟ್ ಊದುತ್ತಿದ್ದರಂತೆ. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಅವರು ನನ್ನನ್ನು ಹೈದರಾಬಾದಿನ ಕ್ರಮದಂತೆ ಮಿಯಾಂ ಎನ್ನುತ್ತಿದ್ದರು. ನಾನು ವೈಷ್ಣವನೆಂಬುದು ಅದಕ್ಕೆ ಅಡ್ಡಿಯಾಗಲಿಲ್ಲ.

ಒಂದು ಸಂಜೆ ನನ್ನ ಟೇಪ್ ರೆಕಾರ್ಡರಿನಲ್ಲಿ ರಾಜಕುಮಾರರ ಹಳೆಯ ಹಾಡುಗಳು ಓಡುತ್ತಿದ್ದವು. ಸಿ.ಐ.ಡಿ. 999 ಎಂಬ ಗೂಢಚಾರ ಚಿತ್ರಗಳ ಸರಣಿಯ ಕ್ಲಬ್ ಹಾಡೊಂದು ಬಂತು. ಅಂಕಲ್ ಬಾಗಿಲಲ್ಲಿ ನಿಂತರು. "ಯೇ ಕೌನ್ ಬಜಾರಾ ಮಿಯಾಂ?" ನಾನು ಹೆಮ್ಮೆಯಿಂದ ಸಂಗೀತ ನಿರ್ದೇಶಕರ ಹೆಸರು ಹೇಳಿದೆ. ಅವರು ತಲೆಯಾಡಿಸಿದರು. ಬರೆದವರಲ್ಲ, ಊದಿದವರು ಯಾರು? ಕ್ಯಾಸೆಟ್ಟಿನ ಚೀಟಿ ತೆಗೆದು ಓದಿದೆ. ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು. ಅಲ್ಲಿಗೆ ಚೀಟಿ ಮುಗಿಯಿತು.

ನಲವತ್ತು ವರ್ಷ ಆ ಪ್ರಶ್ನೆ ನನ್ನ ಬೆನ್ನಿಗಿದೆ. ಇವತ್ತಿನ ಮಾತೆಲ್ಲ ಅದರದೇ ಬಾಲ.

ಗುರ್ಜಾಲ ಕೃಷ್ಣದಾಸ್ ವೆಂಕಟೇಶ್, ನಮಗೆಲ್ಲ ಜಿ.ಕೆ. ವೆಂಕಟೇಶ್, ಹುಟ್ಟಿದ್ದು 1927ರಲ್ಲಿ, ತೀರಿಕೊಂಡದ್ದು 1993ರಲ್ಲಿ. ಮನೆಮಾತು ತೆಲುಗು, ದುಡಿದದ್ದು ಮದ್ರಾಸಿನಲ್ಲಿ, ಹೆಸರಾದದ್ದು ಕನ್ನಡದಲ್ಲಿ. ಅವರು ಹಾಡುಗಾರರೂ ಹೌದು. 1961ರ 'ಕಣ್ತೆರೆದು ನೋಡು' ಚಿತ್ರದಲ್ಲಿ ಕನ್ನಡದ ಮಕ್ಕಳನ್ನು ಒಗ್ಗಟ್ಟಿಗೆ ಕರೆಯುವ ಹಾಡೊಂದಿದೆ. ರಾಜ್ಯೋತ್ಸವದ ದಿನ ಇದೇ ಸಭಾಂಗಣದಲ್ಲಿ ನೀವು ಅದನ್ನು ಕೋರಸ್ಸಿನಲ್ಲಿ ಹಾಡುತ್ತೀರಿ. ಅದರ ಮೂಲ ಕಂಠ ಈ ತೆಲುಗರದೇ. ಹೈದರಾಬಾದಿನಲ್ಲಿ ನಿಂತು ಇದನ್ನು ಹೇಳುವುದರಲ್ಲಿ ಒಂದು ಸುಖವಿದೆ.

'ರಣಧೀರ ಕಂಠೀರವ', 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ', 'ಸನಾದಿ ಅಪ್ಪಣ್ಣ'. ವೆಂಕಟೇಶ್ ಎಂದರೆ ನಮ್ಮ ನಾಲಿಗೆಗೆ ಬರುವ ಪಟ್ಟಿ ಇದು. ಇವುಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ದಾಟಿಕೊಂಡು ಹೋಗುತ್ತೇನೆ. ನನಗೆ ಬೇಕಾದ ಪಟ್ಟಿ ಬೇರೆ: 1968ರ 'ಜೇಡರ ಬಲೆ', ಅದೇ ವರ್ಷದ 'ಗೋವಾದಲ್ಲಿ ಸಿ.ಐ.ಡಿ. 999', 1969ರ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಒಂಬತ್ತು ವರ್ಷ ಬಿಟ್ಟು 1978ರ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕಕ್ಕೂ ನಿರ್ದೇಶನ ದೊರೈ-ಭಗವಾನ್, ಸಂಗೀತ ವೆಂಕಟೇಶ್.

ಜೇಮ್ಸ್ ಬಾಂಡನ ಗಾಳಿ ಬೀಸಿದ ಕಾಲ ಅದು. 1962ರ 'ಡಾಕ್ಟರ್ ನೋ' ಚಿತ್ರಕ್ಕೆ ಮಾಂಟಿ ನಾರ್ಮನ್ ಹಾಕಿದ ಮಟ್ಟನ್ನು ಜಾನ್ ಬ್ಯಾರಿ ಜಾಜ್ ಮೇಳಕ್ಕೆ ಕೂಡಿಸಿದರು. ವಿಕ್ ಫ್ಲಿಕ್ ಎಂಬಾತ ಗಿಟಾರ್ ಮೀಟಿದ. ಗೂಢಚಾರ ಬಂದ ಎಂದರೆ ಗಿಟಾರ್ ತಂತಿ ಗುಂಯ್‌ಗುಟ್ಟಬೇಕು, ಹಿತ್ತಾಳೆ ವಾದ್ಯಗಳು ಒಮ್ಮೆಗೇ ಚೀರಬೇಕು ಎಂಬುದು ಜಗತ್ತಿಗೇ ಕಾನೂನಾಯಿತು. ಮದ್ರಾಸಿನ ಸ್ಟುಡಿಯೋಗಳಲ್ಲಿ ಆ ವಾದ್ಯಗಳೂ ಇದ್ದವು, ನುಡಿಸುವ ಕೈಗಳೂ ಇದ್ದವು.

ಇಲ್ಲಿ ಒಂದು ಕ್ಷಣ ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ. ಜಾಜ್‌ನ ತಾಯಿಬೇರಿನಲ್ಲಿ ಬ್ಲೂಸ್ ಇದೆ. ಅಮೆರಿಕದ ದಕ್ಷಿಣದಲ್ಲಿ ಹತ್ತಿಯ ಹೊಲಗಳಲ್ಲಿ ದುಡಿದ ಕರಿಯರ ಹಾಡು. ಒಂದು ಸಾಲು ಹಾಡುವುದು, ಅದನ್ನೇ ಮತ್ತೆ ಹಾಡುವುದು, ಮೂರನೆಯ ಸಾಲಿನಲ್ಲಿ ಉತ್ತರ ಕೊಡುವುದು. ನಮ್ಮ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರಿಗೆ ಈ ವರಸೆ ಹೊಸದೆನಿಸುತ್ತಿರಲಿಲ್ಲ. ಹನ್ನೆರಡು ಬಾರ್, ಬಾರ್‌ಗೆ ನಾಲ್ಕು ಎಣಿಕೆ, ಒಟ್ಟು 48. ಆದಿತಾಳದಲ್ಲಿ ಕೈ ಹಾಕುತ್ತಾ ಹೋದರೆ ಸರಿಯಾಗಿ ಆರು ಆವರ್ತ. ಸ್ವರ ಹುಡುಕಿದರೆ ಶುದ್ಧ ಧನ್ಯಾಸಿಯ ಸ ಗ ಮ ಪ ನಿ, ನಡುವೆ ಕಳ್ಳನಂತೆ ನುಸುಳುವ ಒಂದು ಪ್ರತಿಮಧ್ಯಮ. ಜೀವ ಇರುವುದು ಗಾಂಧಾರದಲ್ಲಿ. ಸಾಧಾರಣವೂ ಅಲ್ಲದ, ಅಂತರವೂ ಅಲ್ಲದ, ಎರಡರ ನಡುವೆ ಜೋಲುವ ಗಾಂಧಾರ. ಪಿಯಾನೋದಲ್ಲಿ ಅದಕ್ಕೆ ಕೀಲಿಯೇ ಇಲ್ಲ. ಗಂಟಲಿನಲ್ಲಿ ಇದೆ, ತಂತಿಯಲ್ಲಿ ಇದೆ. ಜಾಜ್‌ನ ನಡಿಗೆಯನ್ನು ತಿಳಿಯಬೇಕೆಂದರೆ ತಕಿಟ ತಕಿಟ ಎನ್ನುತ್ತಾ ನಡುವಿನ 'ಕಿ'ಯನ್ನು ನುಂಗಿ. ತ-ಟ, ತ-ಟ. ಆ ಕುಂಟುನಡೆಯೇ ಸ್ವಿಂಗ್.

ಆ ಗಾಂಧಾರವನ್ನು ನನಗೆ ತೋರಿಸಿದವರು ಅಂಕಲ್. ಮರುದಿನ ಅವರು ಟ್ರಂಕಿನಿಂದ ಟ್ರಂಪೆಟ್ ತೆಗೆದು ಬಟ್ಟೆಯಲ್ಲಿ ಒರೆಸಿದರು. ಆಮೇಲೆ ಬಚ್ಚಲಿಗೆ ಹೋದರು. ನೀರು ಕಟ್ಟಿಕೊಂಡಾಗ ಒತ್ತುತ್ತೇವಲ್ಲ, ಕೋಲಿನ ತುದಿಯ ರಬ್ಬರ್ ಬಟ್ಟಲು, ಅದನ್ನು ತಂದು ಕೋಲು ಕಿತ್ತರು. ಎಡಗೈಯಲ್ಲಿ ಬಟ್ಟಲನ್ನು ಟ್ರಂಪೆಟ್ಟಿನ ಬಾಯಿಗೆ ಹಿಡಿದು ಮುಚ್ಚುತ್ತಾ ತೆರೆಯುತ್ತಾ ಊದಿದರು. ಹಿತ್ತಾಳೆ ವಾವ್ ವಾವ್ ಎಂದು ಮಗುವಿನಂತೆ ಅತ್ತಿತು. ಸ್ವರ ಗಾಂಧಾರಕ್ಕೆ ಏರದೆ ಒಂದು ಕೂದಲೆಳೆ ಕೆಳಗೆ ತುಟಿಯಲ್ಲೇ ತೂಗಾಡಿತು. ನನ್ನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ನಿಂತಳು. ಅಮೆರಿಕದ ದೊಡ್ಡ ದೊಡ್ಡ ಮೇಳಗಳಲ್ಲೂ ಇದೇ ಬಚ್ಚಲಿನ ಬಟ್ಟಲು ಎಂದು ಗೊತ್ತಾದದ್ದು ಬಹಳ ವರ್ಷಗಳ ನಂತರ.

ಈಗ ನನ್ನ ತಕರಾರಿಗೆ ಬರುತ್ತೇನೆ. ನೋವಿನಿಂದ ಹುಟ್ಟಿದ ಈ ಸಂಗೀತಕ್ಕೆ ನಮ್ಮ ಚಿತ್ರರಂಗ ಕೊಟ್ಟ ಜಾಗ ಯಾವುದು? ಕಳ್ಳಸಾಗಣೆದಾರನ ಅಡ್ಡೆ. ಬಣ್ಣಬಣ್ಣದ ದೀಪ, ಗಾಜಿನ ಬಟ್ಟಲು, ಸೋಫಾ ಹಿಂದೆ ಗುಪ್ತ ಬಾಗಿಲು. ಅಲ್ಲಿ ಟ್ರಂಪೆಟ್ಟು ಕೂಗಿದರೆ ಪ್ರೇಕ್ಷಕನಿಗೆ ಗೊತ್ತು, ಯಾರೋ ಕೆಟ್ಟವರು ಬಂದರು. ಎಲ್.ಆರ್. ಈಶ್ವರಿಯವರ ಕಂಠ ಆ ಕೋಣೆಯ ಒಡತಿ. ನಾಯಕಿಗೆ ಎಸ್. ಜಾನಕಿ, ಕ್ಲಬ್ಬಿನವಳಿಗೆ ಈಶ್ವರಿ ಎಂಬ ಹಂಚಿಕೆ ಆ ಕಾಲದಲ್ಲಿ ಜಾತಿಪದ್ಧತಿಯಷ್ಟೇ ಬಿಗಿಯಾಗಿತ್ತು. ಅದೇ ಈಶ್ವರಿ ತಮಿಳಿನಲ್ಲಿ ಅಮ್ಮನವರ ಭಕ್ತಿಗೀತೆಗಳಿಗೆ ಹೆಸರಾದರು. ಆಡಿ ಮಾಸದಲ್ಲಿ ಅಲ್ಲಿನ ಗುಡಿಗಳ ಧ್ವನಿವರ್ಧಕದಲ್ಲಿ ಇವತ್ತಿಗೂ ಅವರೇ. ಗಂಟಲಿಗೆ ಮಡಿಮೈಲಿಗೆ ಇರಲಿಲ್ಲ, ಅದು ಇದ್ದದ್ದು ಪಾತ್ರ ಹಂಚುವವರ ತಲೆಯಲ್ಲಿ.

'ಕಸ್ತೂರಿ ನಿವಾಸ'ದ ಕೊನೆಯನ್ನು ನೆನೆಯಿರಿ. ಕೊಟ್ಟೂ ಕೊಟ್ಟೂ ಬರಿಗೈಯಾದ ಮನುಷ್ಯ, ಮನೆಗೆ ಬಂದ ಅತಿಥಿಗೆ ಬಡಿಸಲು ಬೇರೇನೂ ಇಲ್ಲದೆ ತನ್ನ ಪ್ರೀತಿಯ ಪಾರಿವಾಳವನ್ನೇ ಕೊಟ್ಟುಬಿಟ್ಟಿದ್ದಾನೆ. ಬ್ಲೂಸ್‌ಗೆ ಇದಕ್ಕಿಂತ ಹದವಾದ ಘಳಿಗೆ ಕನ್ನಡ ಸಿನಿಮಾದಲ್ಲಿ ಮತ್ತೊಂದಿಲ್ಲ. ವೆಂಕಟೇಶ್ ಅಲ್ಲಿಗೆ ಟ್ರಂಪೆಟ್ ತರಲಿಲ್ಲ. ತಂದಿದ್ದರೆ ಪ್ರೇಕ್ಷಕ ಖಳನಿಗಾಗಿ ಬಾಗಿಲತ್ತ ನೋಡುತ್ತಿದ್ದನೋ ಏನೋ. ನಾನು ಅವರನ್ನು ದೂರುತ್ತಿಲ್ಲ, ಆದರೆ ಅಂಥ ಕಿವಿ ಇದ್ದವರು ಒಮ್ಮೆಯಾದರೂ ಹಠ ಮಾಡಬೇಕಿತ್ತು ಎಂಬ ಆಸೆ ಬಿಟ್ಟಿಲ್ಲ.

ಹೊಸ ಅಲೆಯ ಸಿನಿಮಾದವರಿಂದಲೂ ಜಾಜ್‌ಗೆ ಏನೂ ದಕ್ಕಲಿಲ್ಲ. 1970ರ 'ಸಂಸ್ಕಾರ'ಕ್ಕೆ ಸಂಗೀತ ಕೊಟ್ಟವರು ರಾಜೀವ ತಾರಾನಾಥರು. ನಮ್ಮ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ, ಸರೋದಿನ ದೊಡ್ಡ ಹೆಸರು. ಗಂಭೀರ ಸಿನಿಮಾ ಮೌನವನ್ನೂ ಸರೋದನ್ನೂ ಆರಿಸಿಕೊಂಡಿತು. ಜಾಜ್ ಗಾಂಧಿನಗರದ ಪಾಲಾಯಿತು. ಅದರ ಪುಣ್ಯ, ಇಲ್ಲದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ.

ಅದೇ ಹೊತ್ತಿಗೆ ಮುಂಬಯಿಯಲ್ಲಿ ಆಶಾ ಪುತ್ಲಿ ಎಂಬ ಹುಡುಗಿ ತನ್ನದೇ ಹೆಸರಿನಲ್ಲಿ ಜಾಜ್ ಹಾಡುತ್ತಿದ್ದಳು. ಲೇಖಕ ವೇದ್ ಮೆಹ್ತಾ ಅವಳ ಬಗ್ಗೆ ಬರೆದರು. ಅವಳು ನ್ಯೂಯಾರ್ಕ್ ಸೇರಿದಳು. ಆರ್ನೆಟ್ ಕೋಲ್ಮನ್‌ರ 'ಸೈನ್ಸ್ ಫಿಕ್ಷನ್' ಆಲ್ಬಮ್ಮಿನಲ್ಲಿ ಎರಡು ಹಾಡು ಹಾಡಿದಳು. 1972ರಲ್ಲಿ ಹೊರಬಂದ ಆ ಡಿಸ್ಕಿನಲ್ಲಿ ರಾಗದ ತಾಲೀಮು ಪಡೆದ ಗಂಟಲು ಕೋಲ್ಮನ್‌ರ ಸ್ಯಾಕ್ಸೊಫೋನ್ ಜೊತೆ ಸರಿಸಮಾನವಾಗಿ ಹೆಣೆದುಕೊಳ್ಳುತ್ತದೆ. ಮುಂದೆ ತಾನೇ ಹಾಡು ಕಟ್ಟಿದಳು, 1976ರ 'ದ ಡೆವಿಲ್ ಈಸ್ ಲೂಸ್' ಸೇರಿದಂತೆ ಹಲವು ಆಲ್ಬಮ್ ತಂದಳು. 1979ರಲ್ಲಿ ಇಟಲಿಯ ಸಿನಿಮಾವೊಂದಕ್ಕೆ ಹಾಡಿ ನಟಿಸಿದಳು. ತಮಾಷೆ ನೋಡಿ, ಅದೂ ಗ್ಯಾಂಗ್‌ಸ್ಟರ್‌ಗಳ ಚಿತ್ರವೇ! ಖಳನ ಅಡ್ಡೆ ಅವಳನ್ನು ರೋಮಿನವರೆಗೂ ಬಿಡಲಿಲ್ಲ. ಆದರೆ ಅವಳಿಗೆ ಆಲ್ಬಮ್ ಎಂಬ ಸ್ವಂತ ಮನೆಯಿತ್ತು. ಕನ್ನಡದಲ್ಲಿ ವೆಂಕಟೇಶರಿಗೆ ಸಿಕ್ಕದ್ದು ಮೂರು ನಿಮಿಷದ ಬಾಡಿಗೆ ಕೋಣೆ.

ಆ ಕೋಣೆಯಲ್ಲಿ ಅವರ ಜೊತೆಗೆ ಕೂತಿದ್ದವರನ್ನು ನೋಡಿ. ಗಿಟಾರ್ ಹಿಡಿದು ಸ್ವರಲಿಪಿ ಬರೆಯುತ್ತಿದ್ದ ಸಹಾಯಕ, ಮದ್ರಾಸಿನಲ್ಲಿ ಧನರಾಜ್ ಮಾಸ್ಟರರ ಬಳಿ ಪಾಶ್ಚಾತ್ಯ ಸಂಗೀತ ಕಲಿತ ಹುಡುಗ. 1976ರಲ್ಲಿ 'ಅನ್ನಕ್ಕಿಳಿ' ತೆರೆಕಂಡ ಮೇಲೆ ಅವನನ್ನು ಏಕವಚನದಲ್ಲಿ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ: ಇಳಯರಾಜ. ಇನ್ನೊಬ್ಬ ಸಹಾಯಕರು ಎಲ್. ವೈದ್ಯನಾಥನ್, ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಮಾಡಿದಾಗ ಸಂಗೀತ ಕೊಟ್ಟವರು. ಇಳಯರಾಜರ ತಮಿಳು ಹಾಡುಗಳಲ್ಲಿ ಬಾಸ್ ಗಿಟಾರ್ ನಡೆಯುವ ಚಂದವನ್ನು ಹೊಗಳುವವರು ಅವರು ಕನ್ನಡ ಚಿತ್ರಗಳಿಗೆ ಎಷ್ಟು ಗಿಟಾರ್ ಮೀಟಿ ಬಂದಿದ್ದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ.

ಹೆಸರಿನ ವಿಷಯಕ್ಕೆ ಮರಳುತ್ತೇನೆ. 'ಸನಾದಿ ಅಪ್ಪಣ್ಣ'ದಲ್ಲಿ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್ ಎಂದು ಊರಿಗೆಲ್ಲ ಗೊತ್ತು, ಗೊತ್ತಿರಬೇಕಾದದ್ದೇ. ಅದೇ ಸಂಗೀತ ನಿರ್ದೇಶಕರ ಮೇಳದಲ್ಲಿ ಟ್ರಂಪೆಟ್ ಊದಿದವರು ಕಾಲ್‌ಶೀಟಿನ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡು, ಪೆಟ್ಟಿಗೆ ಮುಚ್ಚಿ, ಮುಂದಿನ ಸ್ಟುಡಿಯೋಗೆ ಹೊರಟರು. ಮದ್ರಾಸಿನ ಆ ಹಿತ್ತಾಳೆಯವರಲ್ಲಿ ಗೋವೆಯವರಿದ್ದರು, ಆಂಗ್ಲೋ-ಇಂಡಿಯನ್ನರಿದ್ದರು. ಚರ್ಚು, ಪೊಲೀಸ್ ಬ್ಯಾಂಡು, ರೈಲ್ವೆ ಇನ್‌ಸ್ಟಿಟ್ಯೂಟು ಅವರ ಪಾಠಶಾಲೆ. ಅಂಕಲ್ ಚೀಟಿಯಲ್ಲಿ ಹುಡುಕಿದ್ದು ತಮ್ಮ ಜನರನ್ನು. ನನಗೆ ಅದು ಹೊಳೆದದ್ದು ಅವರ ಮನೆ ಬಿಟ್ಟ ಮೇಲೆ.

ಕೊನೆಗೆ ರಾಜಕುಮಾರರ ಆ ಇಂಗ್ಲಿಷ್ ಹಾಡು. 'ಆಪರೇಷನ್ ಡೈಮಂಡ್ ರಾಕೆಟ್'ನದು, ನಿಮಗೆ ಗೊತ್ತೇ ಇದೆ. ನಿಮ್ಮ ಮೊಮ್ಮಕ್ಕಳಿಗೆ ಇನ್ನೂ ಚೆನ್ನಾಗಿ ಗೊತ್ತು, ಮೊಬೈಲಿನಲ್ಲಿ ನೋಡಿ ನಗುತ್ತಾರೆ. ನಗಲಿ. ಮೂರೋ ನಾಲ್ಕೋ ತರಗತಿಗೆ ಶಾಲೆ ಬಿಟ್ಟು, ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದ ಮನುಷ್ಯ ಐವತ್ತರ ಹತ್ತಿರದಲ್ಲಿ ಇಂಗ್ಲಿಷಿನಲ್ಲಿ ಪ್ರೇಮಗೀತೆ ಹಾಡುತ್ತಿದ್ದಾರೆ. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆಯ ಮೇಲೆ ಕೂರಿಸಿ ಅವರಿಂದ ಹಾಡಿಸಿದವರೂ ವೆಂಕಟೇಶರೇ. ಅಲ್ಲಿಂದ ರಾಜ್ ತಮ್ಮ ಪಾತ್ರಗಳಿಗೆ ತಾವೇ ಕಂಠವಾದರು. ಈ ಇಂಗ್ಲಿಷ್ ಹಾಡಿನಲ್ಲಿ ಖಳನೂ ಇಲ್ಲ, ಗುಪ್ತ ಬಾಗಿಲೂ ಇಲ್ಲ. ನಾಯಕನೇ ಹಾಡುತ್ತಾನೆ, ನಾಯಕಿಗಾಗಿಯೇ ಹಾಡುತ್ತಾನೆ. ಹತ್ತು ವರ್ಷ ಅಡ್ಡೆಯಲ್ಲಿದ್ದ ಸಂಗೀತ ಹಗಲಿಗೆ ಬಂದಿದೆ. ರಾಜ್ ಒಂದೊಂದು ಇಂಗ್ಲಿಷ್ ಪದವನ್ನೂ ಕಂಪನಿ ನಾಟಕದ ಕಂದಪದ್ಯದ ಹಾಗೆ ಬಿಡಿಸಿ, ತೊಳೆದು ಇಡುತ್ತಾರೆ. ಸ್ವರವನ್ನು ಜಾರಿಸಬೇಕಾದ ಕಡೆ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಹೊತ್ತು ಮುಗಿಯಿತು, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹಿಂದೆ ಕೂತಿರುವ ಹುಡುಗ ಸ್ಪೀಕರ್ ಜೋಡಿಸಿದ್ದಾನೆ, ಆ ಹಾಡನ್ನು ಪೂರ್ತಿ ಹಾಕುತ್ತಾನೆ. ಮೊದಲ ಸಲ ರಾಜಕುಮಾರರನ್ನೇ ಕೇಳಿ, ಬೇಡವೆಂದರೂ ನೀವು ಬಿಡುವುದಿಲ್ಲ. ಎರಡನೇ ಸಲ ಹಾಕಿಸುತ್ತೇನೆ. ಆಗ ಅವರನ್ನು ಬಿಟ್ಟು, ಹಿಂದೆ ಸುಮ್ಮನೆ ನುಡಿಸುತ್ತಾ ಹೋಗುವವರನ್ನು ಕೇಳಿ.

ಹಾಕಪ್ಪ.